ಬೆಳ್ಳಿ ಜುಮುಕಿ: ತೂಕ ಹೆಚ್ಚು, ರವೆ ಕೂರುತ್ತಿಲ್ಲ, ಅಂಚಿನಲ್ಲಿ ಬಿರುಕು

ಸಂಡೂರಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 925 ಬೆಳ್ಳಿಯಲ್ಲಿ (ಸಾವಿರಕ್ಕೆ 925 ಪಾಲು ಬೆಳ್ಳಿ) ಕೈಕೆಲಸದ ಜುಮುಕಿಯ ಮಾದರಿಯೊಂದು ತಯಾರಾಗುತ್ತಿದೆ. ವಿನ್ಯಾಸದ ಮೂಲ, ಇಲ್ಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಕೂದಲಿಗೆ ಸಿಕ್ಕಿಸಿ ಕೆನ್ನೆಯ ಪಕ್ಕಕ್ಕೆ ಇಳಿಬಿಡುವ ಘುಗರಿ. ಅದರ ಗೊಂಚಲು, ಅದರ ತೂಗಾಟ ಉಳಿಯಬೇಕು, ಆದರೆ ಕಿವಿಗೆ ಹಾಕುವ ಒಡವೆಯಾಗಬೇಕು.

ಈಗಿನ ಅಳತೆ ಹೀಗಿದೆ: 0.6 ಮಿ.ಮೀ. ತಗಡಿನಿಂದ 20 ಮಿ.ಮೀ. ಅಗಲದ ಅರ್ಧಗೋಲದ ಬಟ್ಟಲು, ಅಂಚಿಗೆ 1 ಮಿ.ಮೀ. ತಂತಿಯ ಬಳೆ, ಬಟ್ಟಲಿನ ಮೈಮೇಲೆ ಮೂರು ಸಾಲು ರವೆ, ಅಂದರೆ ಬೆಳ್ಳಿಯ ಪುಟ್ಟ ಕಾಳುಗಳು (0.8 ಮಿ.ಮೀ.), ಕೆಳಗೆ 3 ಮಿ.ಮೀ.ಯ 16 ಗಟ್ಟಿ ಗುಂಡುಗಳು. ಮೇಲಿನ ಓಲೆಗೆ 8 ಮಿ.ಮೀ. ಹವಳ ಕೂರಿಸುವ ಯೋಚನೆ. ಬೆಂಕಿಗೆ ಕೈಯಲ್ಲಿ ಹಿಡಿಯುವ ಬ್ಯೂಟೇನ್ ಟಾರ್ಚ್, ಜೊತೆಗೆ ನೀರಲ್ಲಿ ತೇಯ್ದ ಬಿಳಿಗಾರ (ಬೊರಾಕ್ಸ್). ಬೆಸುಗೆ ಪಟ್ಟಿ ಪೇಟೆಯಲ್ಲಿ ಕೊಂಡದ್ದು, ಅದರ ಮೇಲೆ ಯಾವ ವಿವರವೂ ಇಲ್ಲ.

ತೊಂದರೆಗಳು: ಒಂದೊಂದೂ 9 ಗ್ರಾಂ ದಾಟುತ್ತಿದೆ. ತಗಡನ್ನು ಬಟ್ಟಲಾಗಿಸಲು ಅಚ್ಚಿನ ಗುಳಿಯಲ್ಲಿ ಬಡಿಯುವಾಗ ಅಂಚು ಬಿರಿಯುತ್ತಿದೆ. ಕೆಲವು ರವೆ ಬೆಸುಗೆಯಲ್ಲಿ ಮುಳುಗಿ ಚಪ್ಪಟೆಯಾಗಿ ಕಾಣುತ್ತವೆ, ಕೆಲವು ಹುಳಿನೀರಿಗೆ (ಕಾಸಿದ ಮೇಲೆ ತೊಳೆಯುವ ಆಮ್ಲದ ನೀರು) ಹಾಕಿದ ತಕ್ಷಣ ಉದುರುತ್ತವೆ. ಪಾಲಿಶ್ ಆದ ಮೇಲೆ ಅಲ್ಲಲ್ಲಿ ಬೂದು-ನೇರಳೆ ಮೋಡದಂಥ ಕಲೆ. ಬದಲಿಸಬೇಕಾದ್ದು ವಿನ್ಯಾಸವೋ, ಕೆಲಸದ ಕ್ರಮವೋ?

ಪತ್ತಾರ_ರಾಯಚೂರು

ಅಕ್ಕಾರ, ಎರಡೂ ಬದಲಿಸ್ರಿ, ಯಾಕಂದ್ರ ಅವು ಎರಡಲ್ಲ. ತೂಕ ಎಷ್ಟು, ಯಾವ ಬೆಸುಗೆ ಮೊದಲು, ಯಾವುದು ಕಡೀಗೆ ಅನ್ನೋದು ಹಾಳಿ ಮ್ಯಾಲೇ ತೀರ್ಮಾನ ಆಗಬೇಕು. ಚಿತ್ರ ಚಂದ ಬರೆದು ತಗಡಿಗೆ ಕತ್ತರಿ ಹಾಕಿದ್ರ ನೀವು ಹೇಳಿದ ತೊಂದರೆ ಎಲ್ಲಾ ಒಟ್ಟಿಗೇ ಬರ್ತಾವ.

ಮೊದಲು ತೂಕ. ಘುಗರಿ ಕೂದಲಿಗೆ ತೂಗೋ ಒಡವೆ, ಅದರ ಭಾರ ನೆತ್ತಿ ಹೊರ್ತದ. ಅದೇ ಭಾರ ಕಿವಿಯ ತೂತಿಗೆ ಕೊಟ್ಟರ ತೂತು ಇಳೀತದ. ದಿನಾ ಹಾಕೋ ಒಡವಿ ಆದ್ರ ಒಂದು ಕಿವಿಗೆ 5 ಗ್ರಾಂ ಆಸುಪಾಸು ಇಡ್ರಿ. ಅದಕ್ಕಿಂತ ಬಹಳ ಹೆಚ್ಚಾದ್ರ ಕೆನ್ನೆ ಸರಪಳಿ ಬೇಕು, ಅದಕ್ಕ ಓಲೆ ಹಿಂದ ಒಂದು ಸಣ್ಣ ಕೊಂಡಿ ಈಗಲೇ ಲೆಕ್ಕಕ್ಕ ತಗೋರಿ.

925 ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ ಸುಮಾರು 10.36 ಗ್ರಾಂ ತೂಗ್ತದ. ಅರ್ಧಗೋಲದ ಬಟ್ಟಲಿಗೆ ಬೇಕಾದ ಬಿಲ್ಲೆಯ ಅಗಲ ಅಂದ್ರ ಬಟ್ಟಲಿನ ಅಗಲದ 1.41 ಪಟ್ಟು. ನಿಮ್ಮ 20 ಮಿ.ಮೀ. ಬಟ್ಟಲಿಗೆ 28.3 ಮಿ.ಮೀ. ಬಿಲ್ಲೆ, 0.6 ದಪ್ಪದಾಗ ಅದೊಂದೇ 3.9 ಗ್ರಾಂ. ಬಟ್ಟಲು 16ಕ್ಕ ಇಳಿಸ್ರಿ, ತಗಡು 0.4ಕ್ಕ ಇಳಿಸ್ರಿ: ಬಿಲ್ಲೆ 22.6 ಮಿ.ಮೀ., ತೂಕ 1.7 ಗ್ರಾಂ. 0.4 ತೆಳು ಆಯ್ತು ಅಂತ ಅಂಜಬ್ಯಾಡ್ರಿ. ಬಾಗಿದ ಮೈ ತಾನೇ ಗಟ್ಟಿ, ಮತ್ತ ಅಂಚಿನ ಬಳೆ ಅದನ್ನ ಹಿಡಿದು ನಿಲ್ಲಸ್ತದ. ಆ ಬಳೆಗೂ 1 ಮಿ.ಮೀ. ಬ್ಯಾಡ, 0.8 ಸಾಕು.

ಗುಂಡುಗಳೂ ದೊಡ್ಡ ಕಳ್ಳರು. 3 ಮಿ.ಮೀ. ಗಟ್ಟಿ ಗುಂಡು ಒಂದಕ್ಕ 0.147 ಗ್ರಾಂ, 16ಕ್ಕ 2.3 ಗ್ರಾಂ ಮೀರ್ತದ. 2 ಮಿ.ಮೀ. ಗುಂಡು ಬರೀ 0.043 ಗ್ರಾಂ, ಅಂಥವು 12 ಹಾಕಿದ್ರ ಅರ್ಧ ಗ್ರಾಂ. ಸಣ್ಣ ಗುಂಡು ಹಗುರಾಗಿ ಅಲುಗಾಡ್ತದ, ನಿಮಗ ಬೇಕಾದ ತೂಗಾಟ ಅದರಾಗೇ ಹೆಚ್ಚು ಸಿಗ್ತದ.

ಇನ್ನ ಸಾಲು. ಮೂರು ಸಾಲು ರವೆ ಒಂದು ಮೊಳ ದೂರದಿಂದ ನೋಡಿದ್ರ ಒಂದೇ ಒರಟು ಪಟ್ಟಿ ಕಂಡಂಗ ಕಾಣ್ತದ. ಒಂದೇ ಸಾಲು ಇಟ್ಟು, ಮ್ಯಾಲ ಕೆಳಗ ಹುರಿ ಮಾಡಿದ ತೆಳು ತಂತಿ ಓಡಿಸ್ರಿ, ಎದ್ದು ಕಾಣ್ತದ. 12 ಗುಂಡು ತೂಗಿದ್ರ 36 ರವೆ: ಮೂರಕ್ಕೊಂದು ರವೆ ಕೊಂಡಿಯ ನೆತ್ತಿ ಮ್ಯಾಲೆ ಬರ್ತದ, ನಡುವ ಅರ್ಧ ಮಿ.ಮೀ. ಸಂದು ಉಳೀತದ. ಆ ಸಂದು ಬೇಕೇ ಬೇಕು. ರವೆಗೆ ರವೆ ತಾಗಿದ್ರ ಬೆಸುಗೆ ಸಂದಿನಾಗ ಹರಿದು ಸಾಲಿಗೆ ಸಾಲೇ ತುಂಬ್ತದ. ಸಮ ಪಾಲು ಹಾಕೋದಕ್ಕ ಬಟ್ಟಲಿನ ಅಂಚಿಗೆ ಹಾಳಿಪಟ್ಟಿ ಸುತ್ತಿ, ಕೂಡಿದ ಜಾಗಕ್ಕ ಕತ್ತರಿಸ್ರಿ. ಅದನ್ನ ಎರಡು ಸಲ ಅರ್ಧ, ಒಂದು ಸಲ ಮೂರು ಮಡಚಿದ್ರ 12 ಗುರುತು ಸಿಗ್ತಾವ.

ಬಿರುಕಿನ ಮಾತು. ಬಿಲ್ಲೆ ಕತ್ತರಿಸಿದಾಗ ಅಂಚಿಗೆ ಬರೋ ಮುಳ್ಳನ್ನ ಅರದಿಂದ ಪೂರ್ತಿ ತೆಗೀರಿ, ಬಿರುಕು ಹುಟ್ಟೋದೇ ಅಲ್ಲಿ. ಆಮ್ಯಾಲ ಬಿಲ್ಲೆ ಪೂರ್ತಿ ಒಳಗ ಕೂರುವಷ್ಟು ದೊಡ್ಡ ಗುಳಿಯಿಂದ ಸುರು ಮಾಡ್ರಿ. ಬಿಲ್ಲೆ ಗುಳಿಯ ತುಟಿಗೆ ತಾಗಿದ್ರ ಅಲ್ಲಿ ಗೀರು ಬಿದ್ದು ಅದೇ ಬಿರೀತದ. ಮೊದಲ ಎರಡು ಗುಳಿಗೆ ಕಟ್ಟಿಗೆ ಗುಂಡು (ಗುಂಡನೆ ತಲಿಯ ಬಡಿಗೋಲು) ಬಳಸ್ರಿ, ಉಕ್ಕಿನದ್ದು ನಡುಭಾಗ ತೆಳು ಮಾಡ್ತದ. ಪ್ರತಿ ಎರಡು ಗುಳಿಗೆ ಒಮ್ಮೆ ಕಾಸಿ ಮೆದು ಮಾಡ್ಲೇಬೇಕು. 600ರಿಂದ 650 ಡಿಗ್ರಿ, ನೆರಳಿನಾಗ ನೋಡಿದ್ರ ಮಸುಕು ಗುಲಾಬಿ-ಕೆಂಪು. ಬಳ್ಳಾರಿ ಬಿಸಿಲಿನಾಗ ಆ ಬಣ್ಣ ಕಾಣೋದಿಲ್ಲ, ಕಂಡಾಗ ಕಾವು ಮೀರಿರ್ತದ. ಅದಕ್ಕ ಬಿಲ್ಲೆ ಮ್ಯಾಲ ಮಾರ್ಕರ್ ಪೆನ್ನಿನ ಗೆರಿ ಎಳೀರಿ. ಗೆರಿ ಸುಟ್ಟು ಮಾಯ ಆದ್ರ ಬೆಂಕಿ ತೆಗೀರಿ. ಕೆಂಪು ಇಳಿದ ಮ್ಯಾಲ ನೀರಿಗೆ ಹಾಕ್ರಿ.

ಮೊದಲ ಮಾದರಿ 0.4 ತಾಮ್ರದ ತಗಡಿನಾಗ ಮಾಡ್ರಿ. ಬಡಿತಕ್ಕ ಹೆಚ್ಚು ಕಡಿಮಿ ಇದೇ ನಡತಿ, ಖರ್ಚು ಅಲ್ಪ. ಮತ್ತ ಅಂಗಡಿಯವರ ಹತ್ರ ಗೇಜಿನ ಲೆಕ್ಕ ಕೇಳಬ್ಯಾಡ್ರಿ. 24 ಗೇಜು ಒಂದು ಪದ್ಧತಿಯಾಗ 0.51, ಇನ್ನೊಂದರಾಗ 0.56. ಮಿ.ಮೀ.ನಾಗೇ ಕೇಳಿ, ಕ್ಯಾಲಿಪರ್ ಹಿಡಿದು ತಗೋರಿ.

ಕುಲುಮೆ_ಗಂಗಾವತಿ

ಮೇಲಿನ ಲೆಕ್ಕ ಸರಿಯಾಗಿದೆ. ರವೆ ಬಗ್ಗೆ ವಿವರವಾಗಿ ಬರೆಯುತ್ತೇನೆ, ಅಲ್ಲಿ ಕಾರಣ ತಿಳಿಯದೆ ಕೈ ಪಳಗುವುದಿಲ್ಲ.

ಹುಳಿನೀರಿನಲ್ಲಿ ಉದುರಿದ ರವೆಗಳಿಗೆ ಬೆಸುಗೆಯೇ ಹತ್ತಿರಲಿಲ್ಲ. ಕರಗಿದ ಬಿಳಿಗಾರ ಗಾಜಿನಂತೆ ಗಟ್ಟಿಯಾಗಿ ಅವನ್ನು ಹಿಡಿದಿತ್ತು. ಹುಳಿ ಆ ಗಾಜನ್ನು ಕರಗಿಸಿತು, ರವೆ ಬಿತ್ತು. ಹಾಗಾಗಲು ಮುಖ್ಯ ಕಾರಣ ಕೈಯ ಎಣ್ಣೆಪಸೆ. ಬಟ್ಟಲನ್ನೂ ರವೆಯನ್ನೂ ಹುಳಿಯಲ್ಲಿ ತೊಳೆದು, ಒಣಗಿಸಿ, ಆಮೇಲೆ ಚಿಮಟದಿಂದ ಮಾತ್ರ ಮುಟ್ಟಿ.

ಮುಳುಗಿದವುಗಳ ಕಾರಣ ಬೇರೆ. ಸಣ್ಣ ರವೆ ದಪ್ಪ ಬಟ್ಟಲಿಗಿಂತ ಬೇಗ ಕಾಯುತ್ತದೆ, ಕರಗಿದ ಬೆಸುಗೆ ಹೆಚ್ಚು ಕಾದ ಕಡೆಗೆ ಓಡುತ್ತದೆ. ಜ್ವಾಲೆಯನ್ನು ಹೊರಗಿನಿಂದ ರವೆಯ ಮೇಲೇ ಹಿಡಿದರೆ ಬೆಸುಗೆ ರವೆಯನ್ನು ಹತ್ತುತ್ತದೆ. ಆದ್ದರಿಂದ ಬಟ್ಟಲನ್ನು ಕಬ್ಬಿಣದ ಜಾಲರಿಯ ಮೇಲೆ ಬೋರಲು ಇಟ್ಟು, ಕೆಳಗಿನಿಂದ ಒಳಮೈಗೆ ಬೆಂಕಿ ಕೊಡಿ. ಜಾಲರಿಯೂ ಕಾವು ಕುಡಿಯುತ್ತದೆ, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ತಾಳ್ಮೆ ಬೇಕು.

ಬೆಸುಗೆಯನ್ನು ತುಂಡುಗಳಾಗಿ ಇಡಬೇಡಿ. ನುಣುಪು ಅರದಿಂದ ಪುಡಿ ಮಾಡಿ, ಆ ಪುಡಿಯಲ್ಲಿ ಅಯಸ್ಕಾಂತ ಆಡಿಸಿ ಅರದ ಕಬ್ಬಿಣದ ಕಣ ತೆಗೆದು, ಸಮಪಾಲು ಬಿಳಿಗಾರದ ಪುಡಿ ಬೆರೆಸಿ ಚಿಟಿಕೆಯಷ್ಟು ಉದುರಿಸಿ. ಈ ಬಿಳಿಗಾರ ಮೊದಲೇ ಹಂಚಿನ ಮೇಲೆ ಹುರಿದದ್ದಾಗಿರಬೇಕು. ಹಸಿ ಬಿಳಿಗಾರದಲ್ಲಿ ನೀರಿನಂಶ ಇರುತ್ತದೆ, ಕಾವು ತಾಗಿದೊಡನೆ ಉಬ್ಬಿ ನೊರೆಯಾಗುತ್ತದೆ, ರವೆಯನ್ನು ಎತ್ತಿ ಆಚೆ ಎಸೆಯುತ್ತದೆ. ಅದೇ ಕಾರಣಕ್ಕೆ ಅಂಟು ಪೂರ್ತಿ ಒಣಗುವ ತನಕ ಬೆಂಕಿ ಹತ್ತಿರ ತರಬೇಡಿ. ಅಂಟಿಗೆ ತೆಳುವಾಗಿ ಕದಡಿದ ಗೋಂದು ಸಾಕು. ಗಟ್ಟಿ ಗೋಂದು ಸುಟ್ಟು ಕರಿಯಾಗುತ್ತದೆ, ಕರಿಯ ಮೇಲೆ ಬೆಸುಗೆ ಹರಿಯುವುದಿಲ್ಲ.

ಇನ್ನೊಂದು ಉಪಾಯ, ಎಲ್ಲಕ್ಕಿಂತ ದೊಡ್ಡದು: ರವೆ ಕೂರುವ ಸಾಲಿನಲ್ಲಿ ಉಳಿಯಿಂದ ತೆಳುವಾದ ಗಾಡಿ (ಉದ್ದನೆಯ ಸಣ್ಣ ತೋಡು) ತೆಗೆಯಿರಿ. ಚಪ್ಪಟೆ ಮೈಮೇಲೆ ಗುಂಡು ಒಂದು ಚುಕ್ಕೆಯಷ್ಟೇ ತಾಗುತ್ತದೆ. ಗಾಡಿಯಲ್ಲಿ ಎರಡೂ ಬದಿ ತಾಗುತ್ತದೆ, ಜಾರುವುದಿಲ್ಲ, ಅರ್ಧದಷ್ಟು ಬೆಸುಗೆಯಲ್ಲೇ ಭದ್ರವಾಗುತ್ತದೆ.

ರವೆ ಒಂದೇ ಅಳತೆಗೆ ಬರಬೇಕಾದರೆ 0.5 ಮಿ.ಮೀ. ತಂತಿಯನ್ನು 1.4 ಮಿ.ಮೀ. ತುಂಡುಗಳಾಗಿ ಕತ್ತರಿಸಿ, ಒಂದೊಂದೂ 0.8 ಮಿ.ಮೀ. ಗುಂಡಾಗುತ್ತದೆ. ಮೂಸೆಯಲ್ಲಿ ಇದ್ದಿಲಪುಡಿಯ ಒಂದು ಪದರ, ಅದರ ಮೇಲೆ ಒಂದಕ್ಕೊಂದು ತಾಗದಂತೆ ತುಂಡುಗಳು, ಮತ್ತೆ ಇದ್ದಿಲಪುಡಿ. ಹೀಗೆ ತುಂಬಿಸಿ ಕಿತ್ತಳೆ ಬಣ್ಣಕ್ಕೆ ಬರುವ ತನಕ ಕಾಸಿ. ಆರಿದ ಮೇಲೆ ತೊಳೆದು ಜರಡಿ ಹಿಡಿಯಿರಿ.

ಬೆಸುಗೆಯ ಸರದಿ ಹೀಗಿರಲಿ. ಅಂಚಿನ ಬಳೆಯ ಬಾಯಿ ಕೂಡಿಸಲು, ಬಳೆಯನ್ನು ಬಟ್ಟಲಿಗೆ ಹಚ್ಚಲು ಹಾರ್ಡ್. ಹುರಿತಂತಿ ಮತ್ತು ಕೆಳಗಿನ 12 ಕೊಂಡಿಗೆ ಮೀಡಿಯಂ. ರವೆಗೆ ಈಸಿ, ಕೊನೆಗೆ. ಹಾರ್ಡ್ ಸುಮಾರು 780 ಡಿಗ್ರಿಯಲ್ಲಿ ಹರಿಯುತ್ತದೆ, ಮೀಡಿಯಂ 740, ಈಸಿ 720. ತಯಾರಕರ ಪ್ರಕಾರ ಅಷ್ಟಿಷ್ಟು ವ್ಯತ್ಯಾಸವಿರುತ್ತದೆ. 925 ಬೆಳ್ಳಿಯೇ 800ರ ಹತ್ತಿರ ಮೆತ್ತಗಾಗಲು ಶುರುವಾಗುತ್ತದೆ, ಹಾಗಾಗಿ ಹಾರ್ಡ್ ಹಚ್ಚುವಾಗ ಕೈತಪ್ಪಿಗೆ ಅವಕಾಶ ಬಹಳ ಕಡಿಮೆ. ಬಟ್ಟಲಿನ ನೆತ್ತಿಯ ತೂತನ್ನು (0.9ರಿಂದ 1 ಮಿ.ಮೀ.) ಇದೆಲ್ಲಕ್ಕೂ ಮೊದಲೇ ಕೊರೆದಿರಿ.

ಹಾಂ, ಸೀಲಿಂಗ್ ಫ್ಯಾನ್! ನಮ್ಮ ಕಡೆ ಬೇಸಿಗೆಯಲ್ಲಿ ಅದನ್ನು ನಿಲ್ಲಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಕೈಟಾರ್ಚಿನ ಕಾವನ್ನು ಅದು ಹೊತ್ತೊಯ್ಯುತ್ತದೆ, ಒಂದು ಬದಿ ಕಾದು ಇನ್ನೊಂದು ಬದಿ ಆರಿರುತ್ತದೆ. ಬೆಸುಗೆ ಕೆಲಸ ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳಿ. ಬ್ಯೂಟೇನ್ ಡಬ್ಬಿಗಳನ್ನು ತಗಡಿನ ಶೆಡ್‌ನಲ್ಲಿ ಇಡಬೇಡಿ, 50 ಡಿಗ್ರಿ ಮೀರಿದ ಜಾಗದಲ್ಲಿ ಅವು ಅಪಾಯ.

ಸಂಡೂರಕ್ಕ

ಇಬ್ಬರಿಗೂ ಧನ್ಯವಾದ. ಗಾಡಿ ತೆಗೆಯುವ ವಿಷಯ ಹೊಸದು, 36 ರವೆಯ ಲೆಕ್ಕದಲ್ಲಿ ಚಿತ್ರ ಮತ್ತೆ ಬರೆದಾಗಿದೆ. ಎರಡು ಸಂಶಯ. ಈಗಿರುವ ಬೆಸುಗೆ ಪಟ್ಟಿ ತೀರಾ ಬೇಗ ಕರಗುತ್ತದೆ. ಅದರಲ್ಲಿ ಕ್ಯಾಡ್ಮಿಯಂ ಇದೆಯೇ ಎಂದು ಮನೆಯಲ್ಲಿ ಪರೀಕ್ಷಿಸಬಹುದೇ? ಇನ್ನೊಂದು, ರವೆ ಅಂಟಿಸಲು ಗುಲಗಂಜಿಯನ್ನು ತೇಯ್ದು ಬಳಸುವ ಹಳೆಯ ರೂಢಿ ಇದೆಯಲ್ಲ, ಗೋಂದಿಗಿಂತ ಅದು ಮೇಲೆ?

ಒರೆಗಲ್ಲು_ಬಳ್ಳಾರಿ

ನೋಡಿ ತಿಳಿಯುವುದಿಲ್ಲ, ಮೂಸಿ ತಿಳಿಯಲು ಹೋಗಲೇಬೇಡಿ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತದೆ, ಅಂದರೆ ಬೆಸುಗೆಯ ಕಾವಿನಲ್ಲೇ ಹೊಗೆಯಾಗುತ್ತದೆ. ಆ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಉಸಿರಾಡಿದಾಗ ಏನೂ ಅನ್ನಿಸದೆ ಕೆಲವು ಗಂಟೆಗಳ ನಂತರ ಜ್ವರ, ಎದೆಬಿಗಿತ ಬರಬಹುದು. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಹೋಗಿ, ಏನು ಕಾಸುತ್ತಿದ್ದಿರಿ ಎಂದು ವೈದ್ಯರಿಗೆ ಹೇಳಿ. ಚಿನ್ನದ ಕೆಲಸದಲ್ಲಿ ಕೆಡಿಎಂ ಎನ್ನುವುದೂ ಇದೇ ಕ್ಯಾಡ್ಮಿಯಂ ಬೆಸುಗೆ. ವಿವರವಿಲ್ಲದ ಪಟ್ಟಿಯನ್ನು ಬದಿಗಿಟ್ಟು, ಕ್ಯಾಡ್ಮಿಯಂ ಇಲ್ಲ ಎಂದು ಬರೆದಿರುವುದನ್ನೇ ಕೊಳ್ಳಿ.

ನೀವೇ ಮಾಡಿಕೊಳ್ಳುವುದಾದರೆ ನೂರರಲ್ಲಿ 76 ಬೆಳ್ಳಿ, 21 ತಾಮ್ರ, 3 ಸತು ಹಾಕಿದರೆ ಹಾರ್ಡ್. 70, 20, 10 ಹಾಕಿದರೆ ಮೀಡಿಯಂ. ಸತುವನ್ನು ಕೊನೆಗೆ ಹಾಕಿ ಬೇಗ ಕಲಸಬೇಕು, ಇಲ್ಲದಿದ್ದರೆ ಅದು ಬಿಳಿ ಹೊಗೆಯಾಗಿ ಹೋಗುತ್ತದೆ, ಆ ಹೊಗೆಯೂ ಒಳ್ಳೆಯದಲ್ಲ. ಎರಡು ಪಾಲು ಬೆಳ್ಳಿಗೆ ಒಂದು ಪಾಲು ಹಿತ್ತಾಳೆ ಹಾಕುವ ಹಳೆಯ ಲೆಕ್ಕವೂ ನಡೆಯುತ್ತದೆ, ಆದರೆ ಹಿತ್ತಾಳೆಯ ತಗಡನ್ನೇ ತೆಗೆದುಕೊಳ್ಳಿ. ನಲ್ಲಿ, ಸರಳುಗಳ ಹಿತ್ತಾಳೆಯಲ್ಲಿ ಸೀಸ ಬೆರೆತಿರುತ್ತದೆ. ಸೀಸ ಬೆಳ್ಳಿಯನ್ನು ತಿಂದು ಕುಳಿ ಮಾಡುತ್ತದೆ, ಮುಂದೆ ಆ ತುಂಡನ್ನು ಕಾಸಿದಾಗಲೆಲ್ಲ ಕುಳಿ ದೊಡ್ಡದಾಗುತ್ತದೆ.

ಗುಲಗಂಜಿ ಬೇಡ. ಅಂಟು ಒಳ್ಳೆಯದೇ, ಆದರೆ ಬೀಜ ಒಡೆದು ತೇಯ್ದರೆ ಒಳಗಿನ ಅಬ್ರಿನ್ ಎಂಬ ವಿಷ ಹೊರಬರುತ್ತದೆ. ಬೆರಳಿನ ಗಾಯ, ಕಣ್ಣು, ಮನೆಯ ಮಕ್ಕಳು, ಯಾವ ಲೆಕ್ಕದಲ್ಲೂ ಅದು ತಕ್ಕುದಲ್ಲ. ಗೋಂದು ಸಾಕು.

ಗಾಳಿಗೆ ಸೀಲಿಂಗ್ ಫ್ಯಾನ್ ಬದಲು ಮೇಜಿನ ಆಚೆ ಬದಿಗೆ ಎಕ್ಸಾಸ್ಟ್ ಫ್ಯಾನ್ ಇರಲಿ. ಹೊಗೆ ನಿಮ್ಮ ಮುಖದಿಂದ ದೂರ ಸರಿಯಬೇಕು, ಜ್ವಾಲೆ ಅಲುಗಬಾರದು.

ಈಗ ಆ ನೇರಳೆ ಕಲೆ, ಇದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 925ರಲ್ಲಿ ಸಾವಿರಕ್ಕೆ 75 ಪಾಲು ತಾಮ್ರವೇ ಇರುವುದು ಸಾಮಾನ್ಯ. ಕಾವಿನಲ್ಲಿ ಗಾಳಿಯ ಆಮ್ಲಜನಕ ಬೆಳ್ಳಿಯೊಳಗೆ ಇಳಿದು ಆ ತಾಮ್ರವನ್ನು ಸುಡುತ್ತದೆ. ಕಲೆ ಮೈಮೇಲೆ ಅಲ್ಲ, ಒಳಪದರದಲ್ಲಿ. ಅದಕ್ಕೇ ಹುಳಿಗೆ ಹೋಗುವುದಿಲ್ಲ, ಪಾಲಿಶ್ ಮಾಡಿದಷ್ಟೂ ಎದ್ದು ಕಾಣುತ್ತದೆ. ತಡೆಯಲು, ಪ್ರತಿ ಸಲ ಕಾಸುವ ಮೊದಲು ಔಷಧಿ ಅಂಗಡಿಯ ಬೋರಿಕ್ ಪುಡಿಯನ್ನು ಸ್ಪಿರಿಟ್‌ನಲ್ಲಿ ಕದಡಿ ಇಡೀ ಬಟ್ಟಲಿಗೆ ಬಳಿಯಿರಿ. ಸ್ಪಿರಿಟ್ ಡಬ್ಬಿಯನ್ನು ಮುಚ್ಚಿ ದೂರ ಇಟ್ಟ ಮೇಲೆಯೇ ಬೆಂಕಿ ಹಚ್ಚಬೇಕು, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಸ್ಪಿರಿಟ್ ಉರಿದು ಹೋದ ಮೇಲೆ ಉಳಿಯುವ ಬಿಳಿ ಪೊರೆ ಗಾಳಿಯನ್ನು ತಡೆಯುತ್ತದೆ. ಬೆಂಕಿ ಎಷ್ಟು ಕಡಿಮೆ ಸಲ, ಎಷ್ಟು ಕಡಿಮೆ ಹೊತ್ತೋ ಅಷ್ಟು ಒಳ್ಳೆಯದು. ಮೂರು ಸಾಲನ್ನು ಒಂದಕ್ಕಿಳಿಸಿದ್ದರಿಂದ ಇಲ್ಲೂ ನಿಮಗೆ ಲಾಭ.

ಈಗಾಗಲೇ ಕಲೆ ಬಿದ್ದಿರುವ ಬಟ್ಟಲನ್ನು ರವೆಗಳ ನಡುವೆ ಉಜ್ಜಿ ತೆಗೆಯಲಾಗದು. ಅದಕ್ಕೆ ಬಿಳಿಗಾರ ಹಚ್ಚದೆ ಬೂದುಬಣ್ಣ ಬರುವ ತನಕ ಕಾಸಿ, ಹುಳಿಗೆ ಹಾಕಿ, ತೊಳೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮೇಲ್ಮೈಯ ತಾಮ್ರ ತೊಳೆದು ಹೋಗಿ ಶುದ್ಧ ಬೆಳ್ಳಿಯ ಬಿಳಿ ಪದರ ನಿಲ್ಲುತ್ತದೆ. ಕಾವು ಈಸಿ ಬೆಸುಗೆಯ ಅಳತೆ ಮುಟ್ಟದಂತೆ 600ರ ಸುತ್ತ ಇರಲಿ. ಆ ಪದರ ತೀರಾ ತೆಳು, ಮೋಟಾರ್ ಬಫ್ ತಾಗಿಸಿದರೆ ಹೋಗುತ್ತದೆ. ಅಂಟುವಾಳ ನೆನೆಸಿದ ನೀರಿನಲ್ಲಿ ಹಿತ್ತಾಳೆ ಬ್ರಷ್ ಆಡಿಸಿ, ಅಷ್ಟೇ ಸಾಕು. ಒಣ ಬ್ರಷ್ ಬೇಡ, ಹಳದಿ ಬಣ್ಣ ಹತ್ತುತ್ತದೆ.

ಹುಳಿನೀರಿಗೆ ಗಂಧಕಾಮ್ಲದ ಬದಲು ಸಿಟ್ರಿಕ್ ಆಮ್ಲ ಬಳಸಿ: ಲೀಟರಿಗೆ 100 ಗ್ರಾಂ, ಕೈ ಇಡಲಾಗದಷ್ಟು ಬಿಸಿ, 10ರಿಂದ 15 ನಿಮಿಷ. ಕಬ್ಬಿಣದ ಚಿಮಟ, ಕಟ್ಟಿದ ಕಬ್ಬಿಣದ ತಂತಿ ಅದರೊಳಗೆ ಹೋಗಕೂಡದು, ಇಡೀ ಒಡವೆಗೆ ತಾಮ್ರದ ಕೆಂಪು ಲೇಪ ಬರುತ್ತದೆ. ಬಿದಿರಿನ ಚಿಮಟ ಮಾಡಿಕೊಳ್ಳಿ. ಹೊರತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒಮ್ಮೆ ಕುದಿಸಿ, ಹುರಿತಂತಿಯ ಸಂದಿನಲ್ಲಿ ಹುಳಿ ಉಳಿದರೆ ಹಸಿರುಗಟ್ಟುತ್ತದೆ. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ. ಈ ಭಾಗದ ಗಡಸು ನೀರು ಒಣಗಿದರೆ ರವೆಯ ಬುಡದಲ್ಲಿ ಬಿಳಿ ಚುಕ್ಕೆ ನಿಲ್ಲುತ್ತದೆ. ಕುಡಿಯುವ ಆರ್‌ಒ ನೀರು ಬಳಸಿ.

ಘುಗರಿಯ ಹಳೆ ಕಳೆ ಬೇಕಾದರೆ ಗಂಧಕ ಕೊಡಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಿಸಿ ಇರುವಾಗಲೇ ಪುಡಿ ಮಾಡಿ, ಜುಮುಕಿಯ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ, ಒಂದಕ್ಕೊಂದು ತಾಗಬಾರದು. ಆಗಾಗ ತೆರೆದು ನೋಡುತ್ತ, ಬೇಕಾದಷ್ಟು ಕಪ್ಪಾದಾಗ ತೆಗೆಯಿರಿ. ಆಮೇಲೆ ಎದ್ದ ಭಾಗವನ್ನು ಮಾತ್ರ ಬಟ್ಟೆಯಿಂದ ಉಜ್ಜಿದರೆ ರವೆಗಳು ಬೆಳ್ಳಗೆ, ಸಂದುಗಳು ಕಪ್ಪಗೆ ನಿಲ್ಲುತ್ತವೆ. ಆದರೆ ಇದನ್ನು ಹವಳ ಕೂರಿಸುವ ಮೊದಲು ಮುಗಿಸಿ.

ಸಂಡೂರಕ್ಕ

ಹವಳದ ಸರದಿ ಹೇಳಿ ರಾಯಚೂರಿನವರೇ. ಅದಕ್ಕೆ ಮನೆ (ಹರಳನ್ನು ಸುತ್ತ ಹಿಡಿಯುವ ಗೋಡೆ) ಕಟ್ಟುವ ಪಟ್ಟಿ ಎಷ್ಟು ಉದ್ದ ಬೇಕು, ಮತ್ತು ತಿರುಪಿನ ಕಡ್ಡಿಯನ್ನು ಯಾವಾಗ ಬೆಸೆಯಬೇಕು?

ಪತ್ತಾರ_ರಾಯಚೂರು

ಹವಳ ಎಲ್ಲಾ ಮುಗಿದ ಮ್ಯಾಲ, ಕಟ್ಟಕಡೀಗೆ. ಅದು ಸುಣ್ಣದ ಜಾತಿ: ಬೆಂಕಿ ತಾಗಿದ್ರ ಬಿಳಿಚಿ ಬಿರೀತದ, ಹುಳಿ ತಾಗಿದ್ರ ಕರಗ್ತದ. ಮುತ್ತಿಗೂ ಇದೇ ಮಾತು.

ಪಟ್ಟಿಗೆ 925 ಬ್ಯಾಡ, ಗಡಸಾಗಿ ಮಡಚೋದಿಲ್ಲ. 999 ಬೆಳ್ಳಿಯ 0.3 ಮಿ.ಮೀ. ಪಟ್ಟಿ ತಗೋರಿ. ಉದ್ದ ತೆಗೆಯೋದು ಹಿಂಗ: ಹರಳಿನ ಅಗಲಕ್ಕ ಪಟ್ಟಿಯ ದಪ್ಪ ಕೂಡಿಸಿ 3.14ರಿಂದ ಗುಣಿಸ್ರಿ. 8.3ಕ್ಕ 26.1 ಮಿ.ಮೀ. ಆಗ್ತದ. ಹವಳ ಕೈಕೆತ್ತನೆ ಆದ್ರ ಪೂರ್ತಿ ಗುಂಡಗ ಇರೋದಿಲ್ಲ, ಹಾಳಿಪಟ್ಟಿ ಸುತ್ತಿ ಅಳೀರಿ. ಎತ್ತರ ಹರಳಿನ ಮೂರರಲ್ಲಿ ಒಂದು ಪಾಲು ಮುಚ್ಚುವಷ್ಟು. ಹೆಚ್ಚಾದ್ರ ಮಡಚುವಾಗ ಸುಕ್ಕು ಬೀಳ್ತದ, ಕಡಿಮಿ ಆದ್ರ ಹರಳು ನಿಲ್ಲೋದಿಲ್ಲ.

ಪಟ್ಟಿಯ ಬಾಯಿ ಹಾರ್ಡ್‌ನಾಗ ಕೂಡಿಸ್ರಿ. 10 ಮಿ.ಮೀ. ಅಗಲ, 0.5 ದಪ್ಪದ ಬಿಲ್ಲೆಗೆ ಮೀಡಿಯಂನಾಗ ಹಚ್ಚರಿ, ಬೆಂಕಿ ಬಿಲ್ಲೆಗೆ ಕೊಡ್ರಿ, ಪಟ್ಟಿಗಲ್ಲ. ಬಿಲ್ಲೆಯ ನಡುವ 3 ಮಿ.ಮೀ. ತೂತು ಮೊದಲೇ ಕೊರೀರಿ: ಅಳತಿ ನೋಡೋದಕ್ಕ ಹರಳು ಇಟ್ಟಾಗ ಸಿಕ್ಕೊಂಡ್ರ ಹಿಂದಿನಿಂದ ತಳ್ಳಬಹುದು, ಹುಳಿನೀರೂ ಒಳಗ ನಿಲ್ಲೋದಿಲ್ಲ. ಆ ತೂತಿನಿಂದಾಗಿ ಕಡ್ಡಿ ನಡುವ ಬರೋದಿಲ್ಲ, ಸ್ವಲ್ಪ ಮ್ಯಾಲಕ್ಕ ಸರಿಸಿ ಹಚ್ಚರಿ. ಮ್ಯಾಲಿದ್ರ ಓಲೆ ಮುಂದಕ್ಕ ಬಾಗೋದಿಲ್ಲ, ಅದೂ ಒಳ್ಳೇದೇ. ಕಡ್ಡಿ 0.9 ಮಿ.ಮೀ., ಈಸಿ ಬೆಸುಗೆ. ಕಾವಿಗೆ ಕಡ್ಡಿ ಮೆತ್ತಗಾಗಿರ್ತದ. ತಿರುಪಿನ ಸುತ್ತು ಇಲ್ಲದ ಬರೀ ಕಡ್ಡಿ ಆದ್ರ ಇಕ್ಕಳದಾಗ ಹಿಡಿದು ಅರ್ಧ ಸುತ್ತು ತಿರುವ್ರಿ, ಗಡಸಾಗ್ತದ, ಬೆಸುಗೆ ಗಟ್ಟಿ ಅದನೋ ಇಲ್ಲೋ ಅನ್ನೋದೂ ಗೊತ್ತಾಗ್ತದ. ಸುತ್ತು ಇರೋ ಕಡ್ಡಿಗೆ ಇಕ್ಕಳ ಹಾಕಬ್ಯಾಡ್ರಿ, ಸುತ್ತು ಕೆಡ್ತದ. ಅದನ್ನ ಬೆರಳಿನಿಂದ ಅತ್ತ ಇತ್ತ ಒತ್ತಿ ನೋಡ್ರಿ.

ಪಟ್ಟಿ ಮಡಚುವಾಗ ಒಂದೇ ಕಡಿಯಿಂದ ಸುತ್ತ ಒತ್ತಿಕೊಂಡು ಹೋಗಬ್ಯಾಡ್ರಿ, ಉಳಿದ ಪಟ್ಟಿ ಎಲ್ಲಾ ಕಡೀಗೆ ಒಂದು ಕಡಿ ಗಂಟಾಗಿ ನಿಲ್ತದ. ಮೊದಲು ಎದುರು ಬದರು ಎರಡು ಕಡಿ, ಆಮ್ಯಾಲ ಅಡ್ಡ ಎರಡು ಕಡಿ, ಆಮ್ಯಾಲ ನಡುನಡುವ. ಹವಳ ಮೆತ್ತನ ಹರಳು, ಉಕ್ಕಿನ ಒತ್ತುಗೋಲಿನ ತುದಿ ಜಾರಿದ್ರ ಗೀರು ಬೀಳ್ತದ. ತುದಿಯನ್ನ ನುಣುಪು ಮಾಡಿ, ಹರಳಿನ ನೆತ್ತಿಗೆ ಟೇಪು ಅಂಟಿಸಿ ಒತ್ತರಿ. ಹರಳು ಅಲುಗಾಡ್ತದೇನು ಅಂತ ಕಿವಿ ಹತ್ರ ಹಿಡಿದು ಅಲುಗಿಸ್ರಿ. ಸಣ್ಣ ಸಪ್ಪಳ ಬಂದ್ರ ಎಲ್ಲೋ ಒಂದು ಕಡಿ ಪಟ್ಟಿ ಇನ್ನೂ ಕೂತಿಲ್ಲ.